ತಕರಾರು, ವಗೈರೆ

ಗೊಣಗುವವರ ಬಗ್ಗೆ ಬರೆಯಲು ನನಗೆ ಅಧಿಕಾರವಿದೆ ಎಂದು ತಿಳಿದಿದ್ದೇನೆ. ಬೆಳೆದದ್ದು ಗೊಣಗುವ ಅಣ್ಣನ ಜೊತೆಗೆ, ಬಾಳಿದ್ದು ಗೊಣಗುವ ಅತ್ತೆಯ ಜೊತೆಗೆ. ಇವರಿಬ್ಬರ ನಡುವೆ ಎಲ್ಲಿಂದಲೋ ಒಂದು ಪುಸ್ತಕ ಬಂತು. ಅದರ ನಾಯಕ ಇವರಿಬ್ಬರನ್ನೂ ಮೀರಿಸುವಂಥ ತಕರಾರಿನ ಮನುಷ್ಯ. ಅವನ ಗೊಣಗಾಟ ಓದಿ ನಾನು ನಕ್ಕಷ್ಟು ಯಾವ ವಿನೋದದ ಪುಸ್ತಕ ಓದಿಯೂ ನಕ್ಕಿಲ್ಲ. ನಕ್ಕದ್ದಕ್ಕೆ ಆಮೇಲೆ ದಂಡವನ್ನೂ ತೆತ್ತೆ.

1973ರಲ್ಲಿ ಮದುವೆಯಾಗಿ ಚಿಕ್ಕೋಡಿ ತಾಲೂಕಿನ ಕರೋಶಿಗೆ ಬಂದೆ. ಬಂದ ಮರುದಿನ ಬೆಳಿಗ್ಗೆ ಅತ್ತೆಯವರಿಗೆ ಚಹಾ ಕೊಟ್ಟೆ. "ಆರಿ ನೀರಾಗೇತಿ" ಎಂದರು. ಎರಡನೆಯ ದಿನ ಕುದಿಕುದಿಯುವುದನ್ನೇ ಒಯ್ದುಕೊಟ್ಟೆ. "ನಾಲಿಗಿ ಸುಟ್ಟು ಮೂಲ್ಯಾಗ ಕೂಡಸಬೇಕಂತ ಮಾಡಿಯೇನ?" ಎಂದರು. ಮೂರನೆಯ ದಿನ ಅಂತೂ ಹದವಾಗಿರಬೇಕು. ಅತ್ತೆ ಪೂರ್ತಿ ಕುಡಿದು, ಬಸಿ ಕೆಳಗಿಟ್ಟು, "ಇವತ್ತ ಚಲೋ ಆಗೇತಿ. ನಾಳಿ ಹಿಂಗ ಆಗೂದಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಮಳೆ ಬಾರದಿದ್ದರೆ ಜೋಳ ಒಣಗಿತೆಂದು ತಕರಾರು, ಬಂದರೆ ಮಾಳಿಗೆ ಸೋರಿತೆಂದು ತಕರಾರು, ಹದವಾಗಿ ಬಂದರೆ ಪಕ್ಕದವರ ಹೊಲಕ್ಕೂ ಬಂತಲ್ಲ ಎಂದು ತಕರಾರು. ಮೊದಲಿನ ಒಂದು ವರ್ಷ ನಾನು ಅತ್ತೆ. ಎರಡನೆಯ ವರ್ಷದಿಂದ ಕೇಳಿಸಿಕೊಳ್ಳುವುದನ್ನು ಕಲಿತೆ. ಗಂಡ ಹುಟ್ಟಿದಂದಿನಿಂದ ಕಲಿತವರು, ಅವರಿಗೆ ಅದು ಗಡಿಯಾರದ ಸಪ್ಪಳ.

ನಮ್ಮ ಅಣ್ಣನ ಗೊಣಗಾಟ ಬೇರೆ ಜಾತಿಯದು. ಅತ್ತೆಯದು ಮನೆಯಲ್ಲಿ ಬೆಳೆದದ್ದು, ಅವನದು ಪುಣೆಯಿಂದ ತಂದದ್ದು. ನನ್ನ ತವರು ನಿಪ್ಪಾಣಿಯ ಹತ್ತಿರದ ಒಂದು ಹಳ್ಳಿ. ತಂಬಾಕಿನ ಹೊಲ. ಅಪ್ಪ ತಂಬಾಕು ಮಾರಿದ ರೊಕ್ಕದಲ್ಲಿ 1966ರಲ್ಲಿ ಅವನನ್ನು ಪುಣೆಯ ಕಾಲೇಜಿಗೆ ಕಳಿಸಿದರು. ಊರಿನಿಂದ ಪುಣೆಗೆ ಹೋದ ಮೊದಲನೆಯ ಹುಡುಗ. ಬಸ್ಸಿಗೆ ಹತ್ತಿಸಲು ಅರ್ಧ ಊರು ಹೋಗಿತ್ತು, ಅವ್ವ ಒಂದು ಡಬ್ಬಿ ಚಕ್ಕುಲಿ ಕಟ್ಟಿದ್ದಳು. ಮೂರು ವರ್ಷದ ಮೇಲೆ, ಎರಡು ಸಲ ನಾಪಾಸಾಗಿ, ಒಂದು ತಗಡಿನ ಟ್ರಂಕು ಹೊತ್ತುಕೊಂಡು ಅದೇ ಬಸ್ಸಿನಿಂದ ಇಳಿದ. ಕರೆಯಲು ಯಾರೂ ಹೋಗಿರಲಿಲ್ಲ. ಅಂದಿನಿಂದ ಕಟ್ಟೆಯ ಮೇಲೆ ಕೂತ. ಊರಿನ ನೀರು ಸರಿಯಿಲ್ಲ, ಪುಣೆಯ ನೀರೂ ಸರಿಯಿರಲಿಲ್ಲ. ಕಲಿಸುವ ಮಾಸ್ತರರು ಸರಿಯಿಲ್ಲ, ಕಲಿಯುವ ಹುಡುಗರು ಇನ್ನೂ ಸರಿಯಿಲ್ಲ. ನಾವೆಲ್ಲ ಅವನಿಗೆ "ಸರಿಯಿಲ್ಲಪ್ಪ" ಎಂದು ಹೆಸರಿಟ್ಟಿದ್ದೆವು. ಇಟ್ಟವಳು ನಾನೇ. ಮನೆಯಲ್ಲಿ ನಗೆಯಾಡುವುದಕ್ಕೆ ಅದೊಂದು ದೊಡ್ಡ ಸಾಧನವಾಯಿತು. ಊಟಕ್ಕೆ ಕರೆಯುವಾಗಲೂ, "ಸರಿಯಿಲ್ಲಪ್ಪ, ಬಾರಪ್ಪ, ಸಾರು ಸರಿಯಿಲ್ಲ" ಎಂದೇ ಕರೆಯುತ್ತಿದ್ದೆ. ಅವನೂ ನಗುತ್ತಿದ್ದ. ನಗುತ್ತಿದ್ದ ಎಂದು ನಾನು ತಿಳಿದುಕೊಂಡಿದ್ದೆ.

1978ರಲ್ಲಿ ಎರಡನೆಯ ಬಾಣಂತನಕ್ಕೆ ತವರಿಗೆ ಹೋದೆ. ಬಾಣಂತಿಯ ಕೋಣೆ ಎಂದರೆ ಗೊತ್ತಲ್ಲ, ಕಿಡಕಿ ಮುಚ್ಚಿ, ಕೆಂಡದ ಹೊಗೆ ಹಾಕಿ, ಹೊರಸಿನ ಮೇಲೆ ಮಲಗಿಸಿಬಿಟ್ಟರೆ ಹಗಲು ಕಳೆಯುವುದೇ ಇಲ್ಲ. ಹೊರಸಿನ ಕೆಳಗೆ ಅಣ್ಣನ ಟ್ರಂಕು. ಅದರಲ್ಲಿ ಒಂದು ಹಳೆಯ ಸ್ವೆಟರು, ಪರೀಕ್ಷೆಯ ಪುಸ್ತಕಗಳು, ಮೇಲೆ ರಟ್ಟು ಹರಿದ ಒಂದು ಮರಾಠಿ ಕಾದಂಬರಿ: 'ಕೋಸಲಾ'. ಬರೆದವರು ಭಾಲಚಂದ್ರ ನೇಮಾಡೆ.

ನಾನು ಮರಾಠಿ ಹೇಗೆ ಓದಿದೆ ಎಂದು ಬೇರೆ ಕಡೆಯ ಓದುಗರು ಕೇಳಬಹುದು. ನಮ್ಮ ಕಡೆ ಅದು ಕೇಳುವ ಮಾತೇ ಅಲ್ಲ. 1956ರ ನವೆಂಬರ್ 1ರ ತನಕ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಂದು ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಮಹಾಜನ ಆಯೋಗ ಕೂತು 1967ರಲ್ಲಿ ವರದಿ ಕೊಟ್ಟಿತು, ಜಗಳ ಮಾತ್ರ ಮುಗಿಯಲಿಲ್ಲ. ದೊಡ್ಡವರು ನಕಾಶೆ ಹಿಡಿದುಕೊಂಡು ಜಗಳಾಡುವಾಗ ನಾವು ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕಲಸಿದ ಒಂದು ಮಾತು ಆಡುತ್ತ ಬೆಳೆದೆವು. ನಾನು ಏಳನೆಯ ಇಯತ್ತೆಯವರೆಗೆ ಮರಾಠಿ ಸಾಲೆಗೆ ಹೋದವಳು. ಅತ್ತೆಯವರಿಗೆ ಅದರ ಮೇಲೂ ತಕರಾರಿತ್ತು, ಬಿಡಿ.

ಪುಸ್ತಕ ತೆರೆದೆ. ಪಾಂಡುರಂಗ ಸಾಂಗವೀಕರ ಎಂಬ ಇಪ್ಪತ್ತೈದು ವರ್ಷದ ಹುಡುಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಖಾನದೇಶದ ಸಾಂಗವಿ ಎಂಬ ಹಳ್ಳಿಯವನು, ಅನುಕೂಲಸ್ಥ ರೈತನ ಮಗ. ಕಲಿಯಲು ಪುಣೆಗೆ ಹೋಗುತ್ತಾನೆ. ಹಾಸ್ಟೆಲ್ಲು, ಮೆಸ್ಸು, ಗೆಳೆಯರು, ಭಾಷಣದ ಸಭೆಗಳು. ಅಪ್ಪನ ರೊಕ್ಕ ನೀರಿನಂತೆ ಹೋಗುತ್ತದೆ, ಪರೀಕ್ಷೆ ಕೈಕೊಡುತ್ತದೆ, ಕೊನೆಗೆ ಊರಿಗೆ ಬಂದು ಕೂಡುತ್ತಾನೆ. ಇಷ್ಟೇ ಕಥೆ. ಕಥೆಯ ತುಂಬ ತಕರಾರು. ಅಪ್ಪನ ಮೇಲೆ, ಊರಿನ ಮೇಲೆ, ಪುಣೆಯವರ ಮೇಲೆ, ವಿದ್ಯೆಯ ಮೇಲೆ, ಗೆಳೆಯರ ಮೇಲೆ, ತನ್ನ ಮೇಲೆ. ದೊಡ್ಡ ಮಾತು ಒಂದು ಬಂತೆಂದರೆ ಅದರ ಬಾಲಕ್ಕೆ 'ವಗೈರೆ' ಎಂದು ಕಟ್ಟಿಬಿಡುತ್ತಾನೆ. ಆದರ್ಶ ವಗೈರೆ, ಭವಿಷ್ಯ ವಗೈರೆ, ಪ್ರೇಮ ವಗೈರೆ ಎಂದ ಹಾಗೆ. ಒಂದು ಪದ ಎಷ್ಟು ಜನರ ಪಗಡಿ ಹಾರಿಸಬಲ್ಲದು ಎಂದು ನನಗೆ ಅಂದು ತಿಳಿಯಿತು. ಅಲ್ಲಿಯವರೆಗೆ ನಾನು ಓದಿದ ಕಾದಂಬರಿಗಳಲ್ಲಿ ನಾಯಕ ಎಂದರೆ ಕಷ್ಟವನ್ನು ಸಹಿಸುವವನು, ನಾಯಕಿ ಅವನಿಗಿಂತ ಹೆಚ್ಚು ಸಹಿಸುವವಳು. ಇವನೋ, ಏನನ್ನೂ ಸಹಿಸುವುದಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ಓಡಿ ಬಂದಳು.

"ಒಬ್ಬಾಕೀನ ಕುಂತು ಏನ ನಗತೀಯ? ಹಸೀ ಮೈ ಐತಿ, ನರ ಏಳತಾವು. ಪುಸ್ತಕ ಇಡು, ಕಣ್ಣ ಹೋಗತಾವು."

"ಅವ್ವಾ, ಇದರಾಗ ನಮ್ಮ ಅಣ್ಣ ಅದಾನು" ಎಂದೆ.

"ಪುಸ್ತಕದಾಗರ ಇರಲಿ, ಹೊಲದಾಗಂತೂ ಇಲ್ಲ" ಎಂದು ಅವ್ವ ಕೆಂಡ ಕೆದಕಿ ಹೋದಳು.

'ಕೋಸಲಾ' ಅಚ್ಚಾದದ್ದು 1963ರಲ್ಲಿ. ಬರೆದಾಗ ನೇಮಾಡೆಯವರಿಗೂ ನಾಯಕನಷ್ಟೇ ವಯಸ್ಸು, ಇಪ್ಪತ್ತೈದು. ಅವರೂ ಖಾನದೇಶದ ಸಾಂಗವಿಯವರೇ. ಪುಣೆಯ ತಿದ್ದಿದ ಮರಾಠಿಯ ಪಕ್ಕದಲ್ಲಿ ಹಳ್ಳಿಯ ಮಾತನ್ನು ತಂದು ಕೂಡಿಸಿದ್ದು ಆಗಿನ ಹಿರಿಯರಿಗೆ ಹಿಡಿಸಿರಲಿಕ್ಕಿಲ್ಲ, ಹುಡುಗರಿಗೆ ಮಾತ್ರ ಹುಚ್ಚು ಹಿಡಿಸಿತು. ಕೋಸಲಾ ಎಂದರೆ ಹುಳು ತನ್ನ ಸುತ್ತ ತಾನೇ ನೇಯ್ದುಕೊಳ್ಳುವ ಗೂಡು. ಮುಂದೆ 1990ರ ದಶಕದಲ್ಲಿ ವಾಮನ ಬೇಂದ್ರೆಯವರು ಇದನ್ನು ಕನ್ನಡಕ್ಕೂ ತಂದರು. ವರಕವಿ ಬೇಂದ್ರೆಯವರ ಮಗ. ಮನೆತನದಲ್ಲೇ ಎರಡು ಭಾಷೆ ಇದ್ದವರು, ಆ ಕೆಲಸ ಅವರಿಗೆ ಸಲ್ಲುವಂಥದೇ.

ಕನ್ನಡದಲ್ಲಿ ಇಂಥವನು ಇರಲಿಲ್ಲವೇ ಎಂದು ಆಮೇಲೆ ಹುಡುಕಿದ್ದುಂಟು. 1961ರಲ್ಲಿ ಶಾಂತಿನಾಥ ದೇಸಾಯಿಯವರ 'ಮುಕ್ತಿ' ಬಂದಿತ್ತು. ದೇಸಾಯಿಯವರು ಮುಂದೆ ನಮ್ಮ ಮಗ್ಗುಲಿನ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದವರು. ಅದರ ಗೌರೀಶನೂ ತನ್ನೊಳಗೆ ತಾನು ಸುತ್ತಿಕೊಂಡವನೇ. ಆದರೆ ಅಲ್ಲಿ ನಗೆ ಕಡಿಮೆ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ತೋಟ ಮಾರಿಬಿಡಬೇಕೆಂದು ಗೊಣಗುವವನಿದ್ದಾನೆ, ಆದರೆ ಅದು ಬಿಸಿಲಿನ ಪುಸ್ತಕ, ಕತ್ತಲಿನದಲ್ಲ. ಇತ್ತೀಚೆಗೆ 2021ರಲ್ಲಿ ಬಂದ ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಓದುವಾಗ, ಹೆಂಡತಿ ಮಗಳು ಯಾರೂ ತನಗೆ ಅರ್ಥವಾಗುವುದಿಲ್ಲವೆಂದು ಒಳಗೊಳಗೇ ಕುದಿಯುವ ಆ ಗಂಡಸನ್ನು ನೋಡಿ, ಬಂದೆಯಪ್ಪ ಎಂದುಕೊಂಡೆ.

ಆದರೆ ನಿಜವಾದ ಹುಡುಕಾಟ ಬೇರೆ ಕಡೆ ಮಾಡಬೇಕಿತ್ತು. ಗೊಣಗಾಟದ ಸಾಹಿತ್ಯ ನಮ್ಮಲ್ಲಿ ಇಲ್ಲವೆಂದರೆ ಬೀಸುಕಲ್ಲು ನಕ್ಕೀತು. ನಸುಕಿನ ನಾಲ್ಕು ಗಂಟೆಗೆ ಎದ್ದು ಜೋಳ ಬೀಸುತ್ತ ನಮ್ಮ ಹೆಂಗಸರು ಹಾಡಿದ್ದರಲ್ಲಿ ದೇವರ ಸ್ತುತಿ ಎಷ್ಟಿದೆಯೋ ತಕರಾರೂ ಅಷ್ಟಿದೆ. ಅತ್ತೆ ಕಾಡಿದ್ದು, ನಾದಿನಿ ಚಾಡಿ ಹೇಳಿದ್ದು, ಗಂಡ ಬೇರೆ ಕಡೆ ನೋಡಿದ್ದು, ಪಂಚಮಿ ಬಂದರೂ ಅಣ್ಣ ಕರೆಯಲು ಬಾರದ್ದು. ಹಲಸಂಗಿಯ ಗೆಳೆಯರು ಕೂಡಿಸಿದ 'ಗರತಿಯ ಹಾಡು' 1931ರಲ್ಲಿ ಅಚ್ಚಾದಾಗ ಪಂಡಿತರು ಅದರಲ್ಲಿ ಕಾವ್ಯ ಕಂಡು ಬೆರಗಾದರು. ಬೀಸಿದವರಿಗೆ ಅದು ಹೊಟ್ಟೆಯೊಳಗಿನದನ್ನು ಹೊರಗೆ ಹಾಕುವ ಹೊತ್ತು. ಇದರಲ್ಲಿ ಒಂದು ಜಾಣತನವಿದೆ, ನೋಡಿ. ಹಗಲಿನಲ್ಲಿ ಅದೇ ಮಾತನ್ನು ಸೊಸೆ ಆಡಿದರೆ ಮನೆ ರಣರಂಗ. ನಸುಕಿನಲ್ಲಿ, ಕಲ್ಲಿನ ಸಪ್ಪಳದ ಮರೆಯಲ್ಲಿ, ಹಾಡಿನ ದಾಟಿಯಲ್ಲಿ ಆಡಿದರೆ ಯಾರೂ ಕೇಳುವ ಹಾಗಿಲ್ಲ. ಪಡಸಾಲೆಯಲ್ಲಿ ಮುಸುಕು ಹಾಕಿ ಮಲಗಿದವರಿಗೆ ಕೇಳಿಸುತ್ತಿತ್ತು, ಕೇಳಿಸಿತೆಂದು ಹೇಳಲು ಬರುತ್ತಿರಲಿಲ್ಲ. ಹೇಳಿದರೆ ಹಾಡಿನಲ್ಲಿದ್ದ ಅತ್ತೆ ತಾನೇ ಎಂದು ಒಪ್ಪಿಕೊಂಡಂತಾಯಿತಲ್ಲ!

ನೇಮಾಡೆಯವರ ಅದೇ ಜಳಗಾಂವ ಸೀಮೆಯಲ್ಲಿ, ಆಸೋದೆ ಎಂಬ ಊರಿನಲ್ಲಿ ಬಹಿಣಾಬಾಯಿ ಚೌಧರಿ ಎಂಬಾಕೆ ಹುಟ್ಟಿದ್ದರು, 1880ರಲ್ಲಿ. ಅಕ್ಷರ ಬಾರದ ರೈತ ಹೆಣ್ಣುಮಗಳು. ಬೀಸುತ್ತ, ಹೊಲದಲ್ಲಿ ದುಡಿಯುತ್ತ ಕಟ್ಟಿದ ಹಾಡುಗಳನ್ನು ಮಗ ಸೋಪಾನದೇವರು ಬರೆದಿಟ್ಟರು. ಆಚಾರ್ಯ ಅತ್ರೆಯವರ ಕಣ್ಣಿಗೆ ಬಿದ್ದು 1952ರಲ್ಲಿ ಪುಸ್ತಕವಾಗುವ ಹೊತ್ತಿಗೆ ಆಕೆ ತೀರಿಕೊಂಡು ಒಂದು ವರ್ಷ. ಈಗ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರಿದೆ. ಒಂದೇ ಮಣ್ಣು, ಒಂದೇ ಆಡುಮಾತು. ಹನ್ನೊಂದು ವರ್ಷದ ಅಂತರದಲ್ಲಿ ಒಂದು ಕಡೆಯಿಂದ ಆಕೆಯ ಹಾಡು, ಇನ್ನೊಂದು ಕಡೆಯಿಂದ ಪಾಂಡುರಂಗನ ಗೊಣಗಾಟ.

ನಮ್ಮ ಅತ್ತೆಯವರೂ ಬೀಸುತ್ತ ಹಾಡಿದವರೇ. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಲು ಸೇರಿತು. ತೋಳಿಗೆ ಆರಾಮ ಸಿಕ್ಕಿತು, ಹೌದು. ಆದರೆ ತಕರಾರಿಗೆ ಇದ್ದ ದಾಟಿ, ಹೊತ್ತು, ಮರೆ ಮೂರೂ ಹೋದವು. ಹಾಡು ಹೋಗಿ ಬರೀ ಮಾತು ಉಳಿಯಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆಯ ಬಾಯಲ್ಲಿ ಇದ್ದದ್ದು ಆ ದಾಟಿ ಕಳೆದುಕೊಂಡ ಹಾಡು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ಬರೀ ತಲೆನೋವು ಬರುತ್ತಿತ್ತು.

ನನ್ನ ಮಗಳು ಇಂಗ್ಲಿಷ್ ಕಲಿಸುತ್ತಾಳೆ. ಅವಳ ಹತ್ತಿರ ಅತ್ತೆಯ ಮೊಣಕಾಲಿನ ನರಳಾಟದ ಕಥೆ ಹೇಳಿದರೆ, "ಅವ್ವಾ, ಇದನ್ನು ರಶಿಯಾದವರು ಆಗಲೇ ಬರೆದುಬಿಟ್ಟಾರ" ಎಂದಳು. ದಾಸ್ತೊಯೆವ್‌ಸ್ಕಿ 1864ರಲ್ಲಿ ಬರೆದ ಒಂದು ಸಣ್ಣ ಕಾದಂಬರಿಯಂತೆ. ನೆಲಮಾಳಿಗೆಯಲ್ಲಿ ಕೂತು ಜಗತ್ತನ್ನೆಲ್ಲ ಶಪಿಸುವ ಒಬ್ಬ ನಿವೃತ್ತ ಗುಮಾಸ್ತ. ಹಲ್ಲುನೋವು ಬಂದವನು ಯಾಕೆ ನರಳುತ್ತಾನೆಂದು ಅವನು ವಿವರಿಸುತ್ತಾನೆ. ನರಳಿದರೆ ನೋವು ಹೋಗುವುದಿಲ್ಲವೆಂದು ಅವನಿಗೆ ಗೊತ್ತು. ಮನೆಯವರ ನಿದ್ದೆ ಕೆಡುತ್ತದೆಂದೂ ಗೊತ್ತು. ಅದರಲ್ಲೇ ಅವನಿಗೆ ಒಂದು ಸುಖ. ಕೇಳಿ ನಾನು ದಂಗಾದೆ. ನಮ್ಮ ಅತ್ತೆ ನಡುರಾತ್ರಿ "ಅಯ್ಯೋ ಮೊಣಕಾಲs" ಎಂದು ಆರಂಭಿಸಿ, ಎದ್ದು ಎಣ್ಣೆ ತಿಕ್ಕಲು ಹೋದರೆ "ನೀ ಮಲಗ ಹೋಗವ್ವ, ನಿನಗ್ಯಾಕ ತ್ರಾಸ" ಎಂದು, ಮಲಗಿದ ಕೂಡಲೇ ಮತ್ತೆ ಆರಂಭಿಸುತ್ತಿದ್ದರು. ಪೀಟರ್ಸ್‌ಬರ್ಗಿಗೂ ಕರೋಶಿಗೂ ಏನು ದೂರ?

ಅದೇ ಮಗಳೇ ಇನ್ನೊಂದು ಹೇಳಿದಳು. 'ಕೋಸಲಾ' ಓದಿದವರು ಅಮೆರಿಕದ ಸ್ಯಾಲಿಂಜರ್ 1951ರಲ್ಲಿ ಬರೆದ 'ದ ಕ್ಯಾಚರ್ ಇನ್ ದ ರೈ'ಯನ್ನು ನೆನೆಯುತ್ತಾರಂತೆ. ಅಲ್ಲಿಯೂ ಸಾಲೆಯಲ್ಲಿ ನಾಪಾಸಾದ ಹುಡುಗ, ಅಲ್ಲಿಯೂ ಎಲ್ಲರ ಮೇಲೂ ತಕರಾರು. ಆದರೆ ಆ ಹುಡುಗನ ತಮ್ಮನೊಬ್ಬ ಸಣ್ಣವನಿರುವಾಗಲೇ ಸತ್ತಿರುತ್ತಾನೆ. ಇದನ್ನು ಕೇಳಿದಾಗ ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಯಾಕೆಂದರೆ ಪಾಂಡುರಂಗನಿಗೂ ಮಣಿ ಎಂಬ ತಂಗಿ ಇದ್ದಾಳೆ.

ಬಾಣಂತಿಯ ಕೋಣೆಯಲ್ಲಿ ನಗುತ್ತ ನಗುತ್ತ ನಾನು ಆ ಪುಟಗಳಿಗೆ ಬಂದೆ. ಮಣಿಗೆ ದೇವಿಬೇನೆ ಬರುತ್ತದೆ. ಹೋಗಿಬಿಡುತ್ತಾಳೆ. ಇಷ್ಟು ಹೊತ್ತು ಎಲ್ಲವನ್ನೂ ಚಿಲ್ಲರೆ ಮಾಡಿದವನ ಹತ್ತಿರ ಈ ಸಾವಿಗೆ ಚಿಲ್ಲರೆ ಇಲ್ಲ. ಅವನ ಗೊಣಗಾಟ ನಿಲ್ಲುವುದಿಲ್ಲ, ಆದರೆ ಅದರೊಳಗೆ ಒಂದು ಬಾವಿ ಬೀಳುತ್ತದೆ. ನನ್ನ ಮಗ್ಗುಲಲ್ಲಿ ಹನ್ನೊಂದು ದಿನದ ಕೂಸು. ನನ್ನ ತೋಳಿನ ಮೇಲೆ ಸಾಲೆಯಲ್ಲಿ ಹಾಕಿಸಿಕೊಂಡ ದೇವಿಯ ಎರಡು ಗುರುತು. ದೇವಿ ಹಾಕುವವರು ಬಂದರೆಂದರೆ ನಾವು ಜೋಳದ ಕಣಜದ ಹಿಂದೆ ಅಡಗುತ್ತಿದ್ದೆವು, ಅಣ್ಣನೇ ಎಳೆದು ತಂದು ನಿಲ್ಲಿಸುತ್ತಿದ್ದ. ಭಾರತದಲ್ಲಿ ಆ ಬೇನೆ 1975ರಲ್ಲಿ ನಿಂತಿತು, 1977ರಲ್ಲಿ ದೇಶ ಅದರಿಂದ ಮುಕ್ತವಾಯಿತೆಂದು ಸಾರಿದರು, 1980ರಲ್ಲಿ ಜಗತ್ತೇ ಮುಕ್ತವಾಯಿತು. ನನ್ನ ಕೂಸಿನ ಕಾಲಕ್ಕೆ ಅದರ ಹೆದರಿಕೆ ಇರಲಿಲ್ಲ. ಆದರೂ ಅಂದು ರಾತ್ರಿ ಮೂರು ಸಲ ಎದ್ದು ಕೂಸಿನ ಮೈ ಮುಟ್ಟಿ ನೋಡಿದೆ.

ಒಂದು ತಕರಾರು ನನ್ನದೂ ಇದೆ, ಇಷ್ಟು ದೊಡ್ಡ ತಕರಾರಿನ ಪುಸ್ತಕದ ಮೇಲೆ. ಮಣಿಗೆ ಸಾಯುವುದೊಂದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಹೆಂಗಸರಿಗೆಲ್ಲ ಅಲ್ಲಿ ಜಾಗ ಕಡಿಮೆ. ಗಂಡುಹುಡುಗ ನಾಪಾಸಾಗಿ ಬಂದು ಕೂತು ಗೊಣಗಿದರೆ ಕಾದಂಬರಿಯಾಗುತ್ತದೆ. ಪರೀಕ್ಷೆಗೆ ಕೂಡಿಸದೆಯೇ ಮನೆಯಲ್ಲಿ ಕೂಡಿಸಿದ ಹುಡುಗಿ ಗೊಣಗಿದರೆ ಅವಳಿಗೆ ಬಾಯಿಬಡಕಿ ಎಂಬ ಹೆಸರಾಗುತ್ತದೆ. ಏಳನೆಯ ಇಯತ್ತೆಗೆ ನನ್ನ ಸಾಲೆ ಬಿಡಿಸಿದ್ದು ಅಣ್ಣನ ಪುಣೆಯ ಖರ್ಚಿನ ಸಲುವಾಗಿಯೇ. ಇದನ್ನು ನಾನು ಯಾರ ಹತ್ತಿರವೂ ಗೊಣಗಿರಲಿಲ್ಲ. ಅವನಿಗೆ "ಸರಿಯಿಲ್ಲಪ್ಪ" ಎಂದು ಹೆಸರಿಟ್ಟಿದ್ದೆ, ಅಷ್ಟೆ.

ಪ್ರತಿ ಪಂಚಮಿಗೆ ಅವನೇ ನನ್ನನ್ನು ಕರೆಯಲು ಕರೋಶಿಗೆ ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಲಿಲ್ಲ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮಣ್ಣು ಮೆತ್ತಿದ ಧೋತರ ಕೊಡವುತ್ತ ಅಂಗಳಕ್ಕೆ ಕಾಲಿಡುವಾಗಲೇ ಆರಂಭ: ಬಸ್ಸು ಸರಿಯಿಲ್ಲ, ಕಂಡಕ್ಟರ ಸರಿಯಿಲ್ಲ, ಸ್ಟ್ಯಾಂಡಿನ ಚಹಾ ಸರಿಯಿಲ್ಲ. ಒಳಗಿನಿಂದ ಅತ್ತೆ ಸೇರಿಕೊಳ್ಳುತ್ತಿದ್ದರು. ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು ಎರಡು ತಾಸು ಜಗತ್ತನ್ನು ತೊಳೆದು ಒಣಹಾಕುತ್ತಿದ್ದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುತ್ತಿದ್ದರೆಂದು ಅಲ್ಲ. ಆದರೆ ಅವನು ಎದ್ದು ಹೊರಟಾಗ ಅತ್ತೆ, "ನಿಮ್ಮಣ್ಣ ಭಾಳ ಶಾಣ್ಯಾ ಮನಶ್ಯಾ ಬಿಡು" ಎನ್ನುತ್ತಿದ್ದರು. ಅತ್ತೆಯ ಬಾಯಲ್ಲಿ ಇನ್ನೊಬ್ಬರ ಹೊಗಳಿಕೆ ನಾನು ಕೇಳಿದ್ದು ಅದೊಂದೇ.

1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಬೆಲೆಯ ಸಲುವಾಗಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಹೆದ್ದಾರಿಯ ಮೇಲೆ ಕೂತರು. ಅಣ್ಣನೂ ಹೋಗಿ ಕೂತ. ಏಪ್ರಿಲ್‌ನಲ್ಲಿ ಗೋಳೀಬಾರಾಯಿತು, ರೈತರು ಸತ್ತರು. ಅವನು ಜೀವಂತ ಬಂದ. ಆ ವರ್ಷದ ಪಂಚಮಿಗೆ ಬಂದಾಗ ಬಸ್ಸಿನ ಮೇಲೆ ತಕರಾರು ಹೇಳಲಿಲ್ಲ. ಅತ್ತೆ ಚಹಾದ ಬಸಿ ಮುಂದಿಟ್ಟು, "ಯಾಕೋ ತಮ್ಮಾ, ಮೈಯಾಗ ಆರಾಮಿಲ್ಲೇನ?" ಎಂದು ಕೇಳಿದರು. ಅವನು, "ಆರಾಮ ಅದೇನಿ" ಎಂದ. ಅತ್ತೆಗೆ ಅಂದು ನಿಜವಾಗಿ ಹೆದರಿಕೆಯಾಯಿತು, ಬೇವಿನ ಸೊಪ್ಪು ತಂದು ಇಳಿಸಿ ಒಗೆದರು.

ಅತ್ತೆ 1994ರಲ್ಲಿ ಹೋದರು, ಅಣ್ಣ 2006ರಲ್ಲಿ. ಅವನ ಪುಸ್ತಕ ನಾನು ಓದಿದ್ದೇನೆಂದು ಅವನಿಗೆ ಹೇಳಿರಲಿಲ್ಲ. ಬಾಣಂತನ ಮುಗಿಸಿ ಬರುವಾಗ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ತಂದದ್ದನ್ನು ಕದ್ದದ್ದು ಎನ್ನಬೇಕೋ ಏನೋ. ಟ್ರಂಕಿನಲ್ಲಿ ಇಲ್ಲದ್ದು ಅವನಿಗೆ ಗೊತ್ತಾಗಿರಬೇಕು. ಅದೊಂದರ ಮೇಲೆ ಅವನು ತಕರಾರು ಮಾಡಲಿಲ್ಲ.

2015ರ ಫೆಬ್ರುವರಿಯಲ್ಲಿ ನೇಮಾಡೆಯವರಿಗೆ 2014ರ ಜ್ಞಾನಪೀಠ ಬಂತೆಂದು ಪೇಪರಿನಲ್ಲಿ ಓದಿ ಕಪಾಟಿನಿಂದ ಅದನ್ನು ತೆಗೆದೆ. ಹಾಳೆಗಳು ಹಳದಿಯಾಗಿ ಅಂಚು ಉದುರುತ್ತಿದ್ದವು. ಮೆಸ್ಸಿನ ಭಾಗದಲ್ಲಿ ಗುರುತಿಗೆ ಅವನು ಇಟ್ಟ ಒಂದು ಚೀಟಿ ಇತ್ತು, ಪುಣೆಯ ಯಾವುದೋ ಖಾನಾವಳಿಯ ಬಿಲ್ಲು. 1968ನೆಯ ಇಸವಿಯದು, ಮೂರು ತಿಂಗಳ ಬಾಕಿ. 1978ರಲ್ಲೂ ನೋಡಿದ್ದೆ. ಗುರುತಿಗೆ ಇವನಿಗೆ ಇದೇ ಸಿಕ್ಕಿತೇ ಎಂದು ನಕ್ಕಿದ್ದೆ. ಆಗ ಅದು ಮಡಚಿ ಅಂಟಿಕೊಂಡಿತ್ತು, ಈಗ ಮುಟ್ಟಿದ ಕೂಡಲೇ ಮಡಿಕೆ ಹರಿದು ಬಿಚ್ಚಿತು. ಹಿಂಬದಿಗೆ ಅಣ್ಣನ ಅಕ್ಷರ. ಅಪ್ಪನಿಗೆ ಬರೆಯಲು ಕೂತ ಕಾಗದ. ತೀರ್ಥರೂಪರಿಗೆ ನಮಸ್ಕಾರ. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಊಟ ಚಲೋ ಇದೆ. ಅಭ್ಯಾಸ ಚಲೋ ನಡೆದಿದೆ. ತಂಗಿಯನ್ನು ಸಾಲೆ ಬಿಡಿಸಬೇಡಿರಿ, ನನಗೆ ರೊಕ್ಕ ಕಡಿಮೆ ಕಳಿಸಿದರೂ

ಅಲ್ಲಿಗೇ ನಿಂತಿತ್ತು. ಬಿಲ್ಲಿನ ಹಿಂಬದಿಗೆ ಜಾಗ ಮುಗಿದಿತ್ತೋ, ಬೇರೆ ಹಾಳೆಯ ಮೇಲೆ ಬರೆದು ಕಳಿಸಿದ್ದನೋ. ಅಂಥ ಕಾಗದ ಮನೆಗೆ ಬಂದದ್ದನ್ನು ನಾನು ಕೇಳಲಿಲ್ಲ.

ಚೀಟಿಯನ್ನು ಮೊದಲಿದ್ದ ಪುಟದಲ್ಲೇ ಇಟ್ಟೆ. ಸೊಸೆ ಚಹಾ ತಂದಿಟ್ಟು ಎಷ್ಟೋ ಹೊತ್ತಾಗಿತ್ತು. ಕುಡಿದು ನೋಡಿದರೆ ಆರಿ ನೀರಾಗಿತ್ತು, ಹಾಗೆಯೇ ಕುಡಿದೆ.